ಮುಂಚಕ್ರದ ಕಟಕಟ ಸದ್ದು: ‘ಗಾಡಿಯ ಸ್ವಭಾವ’ ಎಂದು ಒಪ್ಪುವ ಮೊದಲು

ಪ್ರಶ್ನೆ: ನಮ್ಮ ಪೆಟ್ರೋಲ್ ಸೆಡಾನ್ ಕೊಂಡು 2 ವರ್ಷ 10 ತಿಂಗಳಾಯಿತು, 34,000 ಕಿಲೋಮೀಟರ್ ಓಡಿದೆ. ಒಂದು ವರ್ಷದಿಂದ ಮುಂದಿನ ಎಡಚಕ್ರದ ಕಡೆಯಿಂದ ಸಣ್ಣ ಹಳ್ಳಗಳಲ್ಲಿ ‘ಕಟಕ್ ಕಟಕ್’ ಎಂಬ ಸದ್ದು ಬರುತ್ತಿದೆ. ಸರ್ವಿಸ್ ಸೆಂಟರಿನವರು ಎರಡು ಸಲ ಲಿಂಕ್ ರಾಡ್, ಒಂದು ಸಲ ಲೋವರ್ ಆರ್ಮ್ ಬುಶ್ ಬದಲಿಸಿದರು. ಪ್ರತಿ ಸಲವೂ ಮೂರು ತಿಂಗಳು ಸುಮ್ಮನಿದ್ದು ಮತ್ತೆ ಶುರುವಾಗುತ್ತದೆ. ಈಗ ‘ಈ ಗಾಡಿಯ ಸ್ವಭಾವವೇ ಹೀಗೆ’ ಎನ್ನುತ್ತಿದ್ದಾರೆ. ಅದೇ ಚಕ್ರದ ಟೈರಿನ ಒಳ ಅಂಚು ಸವೆದಿದೆ, ಬಲಗಡೆಯದು ಸರಿಯಾಗಿದೆ. ಐದು ಜನ ಕುಳಿತರೆ ಹಂಪ್‌ಗಳಲ್ಲಿ ಹಿಂದುಗಡೆ ‘ಧಬ್’ ಎಂದು ಬಡಿಯುತ್ತದೆ. ಅದಕ್ಕೆ ಸ್ಪ್ರಿಂಗಿಗೆ ರಬ್ಬರ್ ಬಫರ್ ಹಾಕಿಸಿ ಎಂದು ಒಬ್ಬರು ಹೇಳುತ್ತಿದ್ದಾರೆ. ಎರಡು ತಿಂಗಳಲ್ಲಿ ವಾರಂಟಿ ಮುಗಿಯುತ್ತದೆ. ಏನು ಮಾಡಲಿ?
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ನೀವು ನಡುವೆ ಎಲ್ಲೋ ಸೇರಿಸಿ ಮುಂದೆ ಹೋಗಿದ್ದೀರಿ. ಎಡ ಟೈರಿನ ಒಳ ಅಂಚು ಮಾತ್ರ ಸವೆದಿದೆ, ಬಲಗಡೆಯದು ಸರಿಯಾಗಿದೆ ಎಂಬ ಮಾತು ಅದು. ಸದ್ದನ್ನು ಸ್ವಭಾವ ಎಂದು ಯಾರಾದರೂ ವಾದಿಸಬಹುದು. ಸವೆದ ಟೈರನ್ನು ಹಾಗೆ ವಾದಿಸಲು ಬರುವುದಿಲ್ಲ. ಗಾಡಿಯ ಸ್ವಭಾವವೇ ಆಗಿದ್ದರೆ ಎರಡೂ ಕಡೆ ಸವೆಯಬೇಕಿತ್ತು.

ಇದು ಹೇಗೆ ಎಂದು ಬಿಡಿಸಿ ಹೇಳುತ್ತೇನೆ. ಟೈರಿನ ಒಳ ಅಂಚು ಸವೆಯುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಒಂದು ಟೋ, ಅಂದರೆ ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು. ಇನ್ನೊಂದು ಕ್ಯಾಂಬರ್, ಅಂದರೆ ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೆ ವಾಲಿರುವುದು. ಟೋ ತಪ್ಪಿದ್ದರೆ ಟೈರು ಬಹಳ ಬೇಗ ಹಾಳಾಗುತ್ತದೆ. ಚಕ್ರ ಒಂದೇ ಒಂದು ಡಿಗ್ರಿ ಓರೆಯಾಗಿ ಉರುಳಿದರೂ ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರಿನಷ್ಟು ದೂರ ಅದನ್ನು ಅಡ್ಡಡ್ಡ ಎಳೆದುಕೊಂಡು ಹೋದಂತೆ. ಆದರೆ ಮುಂಚಕ್ರಗಳ ಟೋ ದೋಷವನ್ನು ಸ್ಟಿಯರಿಂಗ್ ಎರಡೂ ಕಡೆಗೆ ಹಂಚಿಬಿಡುತ್ತದೆ. ನೇರ ಓಡುವಾಗ ಎರಡು ಚಕ್ರಗಳೂ ಅದನ್ನು ಅರ್ಧರ್ಧ ಹೊರುತ್ತವೆ, ಎರಡೂ ಸವೆಯುತ್ತವೆ. ಒಂದೇ ಕಡೆ ಸವೆದಿದ್ದರೆ ನನ್ನ ಅನುಮಾನ ಕ್ಯಾಂಬರ್ ಮೇಲೆಯೇ. ನಿಮ್ಮಂಥ ಸೆಡಾನ್‌ಗಳಲ್ಲಿ ಹೆಚ್ಚಿನವಕ್ಕೆ ಮುಂದಿನ ಕ್ಯಾಂಬರನ್ನು ತಿರುಗಿಸಿ ಸರಿಪಡಿಸುವ ವ್ಯವಸ್ಥೆಯೇ ಇರುವುದಿಲ್ಲ. ಅದು ಬದಲಾಗಿದೆ ಎಂದರೆ ಯಾವುದೋ ಒಂದು ಭಾಗ ಬಾಗಿದೆ ಅಥವಾ ತನ್ನ ಜಾಗದಿಂದ ಸರಿದಿದೆ ಎಂದರ್ಥ. ಒಂದು ವರ್ಷದ ಹಿಂದೆ, ಸದ್ದು ಶುರುವಾಗುವುದಕ್ಕೆ ಮುಂಚೆ, ಎಡಚಕ್ರ ಯಾವುದಾದರೂ ದೊಡ್ಡ ಗುಂಡಿಗೆ ಬಿದ್ದದ್ದು, ರಸ್ತೆ ವಿಭಜಕದ ಕಲ್ಲಿಗೆ ತಗುಲಿದ್ದು ನೆನಪಿದೆಯೇ? ಮನೆಯವರನ್ನೂ ಕೇಳಿ ನೋಡಿ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯ ಆಳ ಯಾರಿಗೂ ಕಾಣುವುದಿಲ್ಲ.

ನಮ್ಮಲ್ಲಿ ಓಡುವ ಸೆಡಾನ್‌ಗಳ ಮುಂಭಾಗದಲ್ಲಿ ಬಹುಪಾಲು ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ ವಿನ್ಯಾಸ ಇದು. ಕೆಳಗೆ ಚಕ್ರವನ್ನು ಚಾಸಿಗೆ ಕೂಡಿಸುವ ಒಂದೇ ಒಂದು ತೋಳು, ಅದೇ ಲೋವರ್ ಆರ್ಮ್. ಮೇಲೆ ಇನ್ನೊಂದು ಆರ್ಮ್ ಇಲ್ಲ, ಆ ಕೆಲಸವನ್ನೂ ಶಾಕ್ ಅಬ್ಸಾರ್ಬರೇ ಮಾಡುತ್ತದೆ. ಕುಲುಕಾಟವನ್ನು ತಣಿಸುವುದರ ಜೊತೆಗೆ ಚಕ್ರವನ್ನು ನೆಟ್ಟಗೆ ನಿಲ್ಲಿಸುವ ಕಂಬವೂ ಅದೇ. ಜಾಗ ಉಳಿಯುತ್ತದೆ, ಭಾಗಗಳು ಕಡಿಮೆ, ಬೆಲೆಯೂ ಕಡಿಮೆ. ಆದರೆ ಆ ಕಂಬ ಒಂದು ಕೂದಲಿನಷ್ಟು ಬಾಗಿದರೂ ಎರಡು ಕೆಲಸಗಳೂ ಕೆಡುತ್ತವೆ. ಚಕ್ರ ವಾಲುತ್ತದೆ, ಒಳಗಿನ ರಾಡು ತನ್ನ ಕೊಳವೆಯಲ್ಲಿ ಒಂದೇ ಪಕ್ಕಕ್ಕೆ ಉಜ್ಜಿಕೊಂಡು ಮೇಲೆ ಕೆಳಗೆ ಆಡುತ್ತದೆ. ಆ ಉಜ್ಜಾಟದಿಂದ ಒಳಗೆ ಸಡಿಲವಾದಾಗ ಬರುವ ಸದ್ದೂ ‘ಕಟಕ್’ ಎಂದೇ. ಕಿವಿಗೆ ಅದು ಲಿಂಕ್ ರಾಡಿನ ಸದ್ದಿನಂತೆಯೇ ಕೇಳುತ್ತದೆ.

ಲಿಂಕ್ ರಾಡನ್ನು ಬದಲಿಸಿದವರನ್ನು ನಾನು ಪೂರ್ತಿ ದೂರುವುದಿಲ್ಲ. ಮುಂಚಕ್ರದ ಕಟಕಟ ಸದ್ದಿಗೆ ಎಷ್ಟೋ ಸಲ ಲಿಂಕ್ ರಾಡೇ ಕಾರಣವಾಗಿರುತ್ತದೆ. ಅದರ ಎರಡು ತುದಿಯಲ್ಲೂ ಅಡಿಕೆಯಷ್ಟು ದೊಡ್ಡ ಬಾಲ್ ಜಾಯಿಂಟ್ ಇರುತ್ತದೆ, ಅದರ ಮೇಲೊಂದು ರಬ್ಬರ್ ಟೊಪ್ಪಿ. ಟೊಪ್ಪಿ ಹರಿದರೆ ಮಲೆನಾಡಿನ ಕೆಂಪು ಕೆಸರು ಒಳಗೆ ಹೋಗಿ ಗ್ರೀಸನ್ನು ತೊಳೆದುಬಿಡುತ್ತದೆ. ಆದರೆ ಎರಡನೇ ಸಲವೂ ಅದನ್ನೇ ಬದಲಿಸುವ ಮುನ್ನ ಪರೀಕ್ಷಿಸಿ ನೋಡಬೇಕಿತ್ತು. ಆ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ನೀವೇ ಮಾಡಿ.

ಖಾಲಿ ರಸ್ತೆಯಲ್ಲಿ ಒಂದು ಹಂಪ್ ಹುಡುಕಿ. ಕಿಟಕಿ ಇಳಿಸಿ, ರೇಡಿಯೋ, ಎಸಿ ಎರಡನ್ನೂ ನಿಲ್ಲಿಸಿ, ನಡಿಗೆಯ ವೇಗದಲ್ಲಿ ನೇರವಾಗಿ, ಎರಡೂ ಮುಂಚಕ್ರಗಳು ಒಟ್ಟಿಗೆ ಏರುವಂತೆ ದಾಟಿ. ಆಮೇಲೆ ಅದೇ ಹಂಪನ್ನು ಓರೆಯಾಗಿ, ಒಂದು ಚಕ್ರ ಮೊದಲು ಏರುವಂತೆ ದಾಟಿ. ಲಿಂಕ್ ರಾಡು ಹಿಡಿದುಕೊಂಡಿರುವ, ಎಡಬಲ ಚಕ್ರಗಳನ್ನು ಕೂಡಿಸುವ ಸ್ಟೆಬಿಲೈಜರ್ ಬಾರ್ ಕೆಲಸ ಮಾಡುವುದೇ ಎರಡು ಚಕ್ರಗಳ ಎತ್ತರದಲ್ಲಿ ವ್ಯತ್ಯಾಸ ಬಂದಾಗ. ಓರೆಯಾಗಿ ದಾಟಿದಾಗ ಮಾತ್ರ ಸದ್ದು ಬಂದರೆ ಲಿಂಕ್ ರಾಡು ಅಥವಾ ಬಾರ್ ಅನ್ನು ಚಾಸಿಗೆ ಹಿಡಿದಿಟ್ಟ ರಬ್ಬರು ಕಾರಣ. ನೇರವಾಗಿ ದಾಟಿದಾಗಲೂ ಬಂದರೆ ಸ್ಟ್ರಟ್, ಅದರ ಮೇಲಿನ ಮೌಂಟ್, ಆರ್ಮಿನ ಬುಶ್, ಬಾಲ್ ಜಾಯಿಂಟ್‌ಗಳತ್ತ ನೋಡಬೇಕು. ಮೂರನೇ ಸಲ ಬ್ರೇಕನ್ನು ಮೆಲ್ಲನೆ ಒತ್ತಿಕೊಂಡೇ ದಾಟಿ. ಸದ್ದು ಪೂರ್ತಿ ನಿಂತುಹೋದರೆ ಸಸ್ಪೆನ್ಷನ್ ತಂಟೆಗೆ ಹೋಗುವ ಮುನ್ನ ಬ್ರೇಕ್ ಪ್ಯಾಡು, ಕ್ಯಾಲಿಪರ್ ಪಿನ್ನುಗಳನ್ನು ನೋಡಿಸಿ. ಸಡಿಲವಾದ ಪ್ಯಾಡು ಸಣ್ಣ ಹಳ್ಳಗಳಲ್ಲಿ ಹೀಗೆಯೇ ಕುಣಿಯುತ್ತದೆ.

ಇನ್ನೊಂದು ಪರೀಕ್ಷೆಯನ್ನು ಗಾಡಿ ನಿಲ್ಲಿಸಿಕೊಂಡೇ ಮಾಡಬಹುದು. ಎಂಜಿನ್ ಚಾಲೂ ಇರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ. ಯಾರಾದರೂ ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಲಿ. ನೀವು ಬಾನೆಟ್ ತೆರೆದು, ಸ್ಟ್ರಟ್‌ನ ತಲೆ ದೇಹಕ್ಕೆ ಕೂಡುವ ಜಾಗದ ಮೇಲೆ ಅಂಗೈ ಇಡಿ. ಮೇಲಿನ ಬೇರಿಂಗ್ ಹಿಡಿದುಕೊಂಡಿದ್ದರೆ ಸ್ಪ್ರಿಂಗ್ ಸುತ್ತಿಕೊಂಡು ‘ಟಣ್’ ಎಂದು ಬಿಟ್ಟುಕೊಳ್ಳುವುದು ಕೈಗೇ ತಿಳಿಯುತ್ತದೆ. ಸದ್ದು ಎಲ್ಲಿಂದ ಬರುತ್ತದೆ ಎಂದು ಕಿವಿ ಹೇಳುವುದನ್ನು ನಂಬಬೇಡಿ. ಲೋಹದ ದೇಹದಲ್ಲಿ ಸದ್ದು ಹರಿದು ಬೇರೆಲ್ಲೋ ಕೇಳಿಸುತ್ತದೆ. ಯಾವಾಗ ಬರುತ್ತದೆ ಎನ್ನುವುದನ್ನು ಗಮನಿಸಿ ಬರೆದಿಟ್ಟುಕೊಳ್ಳಿ. ಬೆಳಗ್ಗೆ ತಣ್ಣಗಿರುವಾಗಲೋ, ಹತ್ತು ಕಿಲೋಮೀಟರ್ ಓಡಿದ ಮೇಲೋ, ಮಳೆಯಲ್ಲೋ, ಒಬ್ಬರೇ ಇದ್ದಾಗಲೋ, ಎಲ್ಲವನ್ನೂ ಬರೆಯಿರಿ.

ಈಗ ಬುಶ್ ವಿಷಯ. ಮೂರು ತಿಂಗಳಿಗೆ ಬುಶ್ ಹೋಗುವುದು ಎಂದರೆ ನನಗೆ ಒಂದೇ ತಪ್ಪು ಕಣ್ಣ ಮುಂದೆ ಬರುತ್ತದೆ. ಅದನ್ನು ನಾನು ಇಷ್ಟು ವರ್ಷಗಳಲ್ಲಿ ಎಷ್ಟು ಸಲ ನೋಡಿದ್ದೇನೆಂದರೆ, ಇದರ ಬಗ್ಗೆ ಬರೆಯುವಾಗ ಕೈ ತಾನಾಗಿ ಬಿಗಿಯಾಗುತ್ತದೆ.

ಕೆಲವು ವರ್ಷಗಳ ಹಿಂದೆ ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು ತಮ್ಮ ಸೆಡಾನ್ ತಂದರು. ಒಂದೂವರೆ ವರ್ಷದಲ್ಲಿ ಮೂರು ಸಲ ಆರ್ಮ್ ಬುಶ್ ಬದಲಾಗಿತ್ತು. ಮೂರೂ ಕಂಪನಿಯ ಅಸಲಿ ಭಾಗಗಳೇ, ಬಿಲ್ಲುಗಳೂ ಇದ್ದವು. ತೋಟದ ರಸ್ತೆಯೇ ಕಾರಣ ಎಂದು ಅವರಿಗೆ ಹೇಳಿ ಕಳಿಸಿದ್ದರು, ಅವರೂ ನಂಬಿದ್ದರು. ನಾನು ಗಾಡಿಯನ್ನು ಲಿಫ್ಟಿಗೆ ಏರಿಸದೆ, ವರ್ಕ್‌ಶಾಪಿನ ರಿಪೇರಿ ಗುಂಡಿಯ ಮೇಲೆ ನಾಲ್ಕು ಚಕ್ರಗಳಲ್ಲೇ ನಿಲ್ಲಿಸಿ ಕೆಳಗಿಳಿದೆ. ಎಡ ಆರ್ಮಿನ ಬುಶ್‌ನ ಬೋಲ್ಟಿಗೆ ಪಾನಾ ಹಾಕಿ ಅರ್ಧ ಸುತ್ತು ಸಡಿಲಿಸಿದೆ, ಅಷ್ಟೇ. ‘ಟಕ್’ ಎಂದು ಸದ್ದು ಬಂತು. ಬುಶ್‌ನ ಒಳಗಿನ ಉಕ್ಕಿನ ಕೊಳವೆ ಕಣ್ಣೆದುರೇ ಒಂದು ಅಕ್ಕಿಕಾಳಿನಷ್ಟು ತಿರುಗಿ ನಿಂತಿತು. ಅಷ್ಟು ದಿನ ಆ ರಬ್ಬರು ತಿರುಚಿಕೊಂಡೇ ಬದುಕಿತ್ತು.

ಆ ಬುಶ್ ಒಳಗೆ ಉಕ್ಕಿನ ಕೊಳವೆ, ಹೊರಗೆ ಇನ್ನೊಂದು ಉಕ್ಕಿನ ಬಳೆ, ನಡುವೆ ಎರಡಕ್ಕೂ ಬೆಸೆದುಕೊಂಡ ರಬ್ಬರು. ಅದು ಬೇರಿಂಗ್ ಅಲ್ಲ, ಉರುಳುವುದಿಲ್ಲ. ಬೋಲ್ಟು ಬಿಗಿಯಾದಾಗ ಒಳಕೊಳವೆ ಚಾಸಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಆರ್ಮ್ ಮೇಲೆ ಕೆಳಗೆ ಆಡುವಾಗಲೆಲ್ಲ ರಬ್ಬರು ತಿರುಚಿಕೊಂಡು ಮತ್ತೆ ತನ್ನ ನೆಲೆಗೆ ಮರಳುತ್ತದೆ. ಆ ನೆಲೆ ಯಾವುದು ಎಂದು ನಿರ್ಧಾರವಾಗುವುದು ಬೋಲ್ಟು ಬಿಗಿಯುವ ಗಳಿಗೆಯಲ್ಲಿ. ಗಾಡಿ ಲಿಫ್ಟಿನ ಮೇಲಿದ್ದಾಗ ಚಕ್ರಗಳು ಕೆಳಕ್ಕೆ ಜೋತಾಡುತ್ತಿರುತ್ತವೆ. ಆ ಸ್ಥಿತಿಯಲ್ಲಿ ಪೂರ್ತಿ ಬಿಗಿದರೆ ರಬ್ಬರು ಅದನ್ನೇ ತನ್ನ ನೆಲೆ ಎಂದುಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದ ಕೂಡಲೇ, ಇನ್ನೂ ಒಂದು ಮೀಟರ್ ಓಡುವ ಮುಂಚೆಯೇ, ಅದು ತಿರುಚಿಕೊಂಡಿರುತ್ತದೆ. ಹಂಪ್ ಏರಿದಾಗ ಇನ್ನಷ್ಟು ತಿರುಚಿ, ಕೆಲವೇ ತಿಂಗಳಲ್ಲಿ ಬೆಸುಗೆ ಬಿಟ್ಟು ಹರಿಯುತ್ತದೆ. ಮಾಡಬೇಕಾದದ್ದು ಇಷ್ಟೇ: ಲಿಫ್ಟಿನ ಮೇಲೆ ಬೋಲ್ಟನ್ನು ಕೈಬಿಗಿಯಷ್ಟು ಕೂರಿಸಿ, ಗಾಡಿಯನ್ನು ತನ್ನ ಭಾರದ ಮೇಲೆ ನಿಲ್ಲಿಸಿದ ಬಳಿಕ, ಅಥವಾ ಆರ್ಮಿನ ಕೆಳಗೆ ಜಾಕ್ ಕೊಟ್ಟು ಅದೇ ಎತ್ತರಕ್ಕೆ ತಂದ ಬಳಿಕ, ಟಾರ್ಕ್ ಪಾನಾದಲ್ಲಿ ಕೊನೆಯ ಬಿಗಿ ಕೊಡಬೇಕು. ಹತ್ತು ನಿಮಿಷದ ಕೆಲಸ. ದಿನಕ್ಕೆ ಇಷ್ಟು ಗಾಡಿ ಮುಗಿಸಬೇಕು ಎಂಬ ಒತ್ತಡದಲ್ಲಿರುವ ಹುಡುಗನಿಗೆ ಆ ಹತ್ತು ನಿಮಿಷ ಕೊಡುವವರಿಲ್ಲ. ತಪ್ಪು ಅವನೊಬ್ಬನದಲ್ಲ. ಆ ಬೆಳೆಗಾರರ ಗಾಡಿಗೆ ನಾನು ಹೊಸ ಬುಶ್ ಹಾಕಿ ಹೀಗೆ ಬಿಗಿದೆ. ತೋಟದ ಅದೇ ರಸ್ತೆಯಲ್ಲಿ ಅದು ಇನ್ನೂ ಓಡುತ್ತಿದೆ.

ನಿಮ್ಮ ಗಾಡಿಯಲ್ಲಿ ಇವೆರಡೂ ಕೂಡಿಕೊಂಡಿವೆ ಎಂದು ನನ್ನ ಊಹೆ. ಸ್ಟ್ರಟ್ ಅಥವಾ ಅದನ್ನು ಹಿಡಿದಿರುವ ನಕಲ್ (ಚಕ್ರ ಕೂರುವ ಲೋಹದ ಭಾಗ) ಬಾಗಿದೆ, ಬುಶ್ ತಿರುಚಿಕೊಂಡು ಕೂತಿದೆ. ಹೊಸ ರಬ್ಬರು ಬಿಗಿಯಾಗಿರುವಷ್ಟು ದಿನ ಸದ್ದು ಅಡಗಿರುತ್ತದೆ, ಮೂಲ ಕಾರಣ ಹಾಗೆಯೇ ಉಳಿಯುತ್ತದೆ. ಊಹೆಯನ್ನು ಅಳತೆಯಿಂದ ಖಚಿತ ಮಾಡಿಕೊಳ್ಳಬೇಕು. ಸರ್ವಿಸ್ ಸೆಂಟರಿಗೆ ಹೋಗುವ ಮೊದಲು ಬೇರೆ ಕಡೆ, ಹೊರಗಿನ ಒಳ್ಳೆಯ ಟೈರ್ ಅಂಗಡಿಯಲ್ಲಿ ಅಲೈನ್‌ಮೆಂಟ್ ಅಳತೆ ಮಾತ್ರ ಮಾಡಿಸಿ. ಏನನ್ನೂ ತಿರುಗಿಸಬೇಡಿ, ಇರುವ ಅಂಕಿಗಳ ಮುದ್ರಿತ ಪ್ರತಿ ಕೊಡಿ ಎಂದು ಹೇಳಿ. ಮುಂದಿನ ಎಡ ಮತ್ತು ಬಲ ಕ್ಯಾಂಬರುಗಳ ನಡುವೆ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅದೇ ನಿಮ್ಮ ದಾಖಲೆ. ಟೋ ಮಾತ್ರ ಸರಿಪಡಿಸಿ, ಯಂತ್ರದ ಪರದೆಯಲ್ಲಿ ಹಸಿರು ಬಣ್ಣ ಬಂತು ಎಂದು ಕಳಿಸಿದರೆ ಬಾಗಿದ ಭಾಗ ಬಾಗಿಯೇ ಇರುತ್ತದೆ. ಬಾಗಿದ್ದನ್ನು ಬಡಿದು ನೆಟ್ಟಗೆ ಮಾಡಿಕೊಡುತ್ತೇವೆ ಎನ್ನುವವರ ಹತ್ತಿರ ಹೋಗಲೇಬೇಡಿ. ಚಕ್ರದ ಡಿಸ್ಕಿನ ಬೆಂಡು ತೆಗೆಸಿದಂತಲ್ಲ ಇದು. ನಿಮ್ಮ ಚಕ್ರವನ್ನು ಗಾಡಿಗೆ ಹಿಡಿದಿಟ್ಟಿರುವ ಭಾಗ.

ಹಿಂದಿನ ‘ಧಬ್’ ಬೇರೆಯೇ ಕಥೆ, ಇಲ್ಲಿ ನಿಮ್ಮ ಗಾಡಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಅದನ್ನು ದಾಟಬಹುದು. ನಮ್ಮ ಊರುಗಳಲ್ಲಿ ರಾತ್ರೋರಾತ್ರಿ ಎದ್ದು ನಿಲ್ಲುವ, ಒಂದಡಿ ಅಗಲದ ಗೋಡೆಯಂಥ ಉಬ್ಬುಗಳನ್ನು ಯಾವ ಎಂಜಿನಿಯರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಸೆಡಾನಿನ ಡಿಕ್ಕಿ ಹಿಂದಿನ ಆಕ್ಸಲ್‌ನಿಂದ ಆಚೆಗೆ ಚಾಚಿಕೊಂಡಿರುತ್ತದೆ. ಮೂವರು ಹಿಂದೆ ಕುಳಿತು ಡಿಕ್ಕಿಯೂ ತುಂಬಿದರೆ ಬಂಪ್ ಸ್ಟಾಪ್ ಎಂಬ ರಬ್ಬರ್ ಮೆತ್ತೆಗೆ ತಾಗುವ ಮುನ್ನ ಉಳಿಯುವ ಅಂತರ ಬಹಳ ಕಡಿಮೆ. ಆ ಭಾರದಲ್ಲಿ ವೇಗ ಇಳಿಸದೆ ದಾಟಿದರೆ ಆರೋಗ್ಯವಾಗಿರುವ ಗಾಡಿಯೂ ಬಡಿಯುತ್ತದೆ. ಇನ್ನೊಂದು ಸದ್ದೂ ಇದೆ. ಹಂಪ್ ಇಳಿಯುವಾಗ ಚಕ್ರ ಕೆಳಕ್ಕೆ ಬಿದ್ದು ಶಾಕ್ ಅಬ್ಸಾರ್ಬರ್ ಪೂರ್ತಿ ಚಾಚಿಕೊಂಡ ಕೊನೆಯಲ್ಲಿ ಬರುವ ‘ಟಪ್’. ನಮ್ಮ ರಸ್ತೆಗಳಿಗಾಗಿ ಎತ್ತರಿಸಿದ ಗಾಡಿಗಳಲ್ಲಿ ಕೆಳಮುಖ ಚಲನೆಗೆ ಉಳಿಯುವ ಜಾಗ ಕಡಿಮೆ ಇದ್ದರೆ ಇದು ಕೇಳುತ್ತದೆ. ಸ್ವಭಾವ ಎಂಬ ಪದವನ್ನು ಈ ಒಂದು ಸದ್ದಿಗೆ ಬಳಸಿದರೆ ನಾನು ಒಪ್ಪುತ್ತೇನೆ.

ಆದರೂ ಹಿಂದಿನದನ್ನು ಅಳೆದು ನೋಡಿ. ಸಮತಟ್ಟಾದ ನೆಲದಲ್ಲಿ ಖಾಲಿ ಗಾಡಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಅದರ ಮೇಲಿನ ಕಮಾನಿನ ಅಂಚಿಗೆ ಟೇಪ್ ಹಿಡಿಯಿರಿ. ಎಡ ಬಲಗಳಲ್ಲಿ ಸ್ಪಷ್ಟ ವ್ಯತ್ಯಾಸ ಕಂಡರೆ ಸ್ಪ್ರಿಂಗ್ ಕುಸಿದಿದೆ ಅಥವಾ ಸುರುಳಿಯ ತುದಿ ಮುರಿದಿದೆ. ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆಯ ತೆಳು ಪಸೆ, ಅದರ ಮೇಲೆ ಧೂಳು ಇದ್ದರೆ ಗಾಬರಿ ಬೇಡ. ಒದ್ದೆಯಾಗಿ ತೊಟ್ಟಿಕ್ಕುತ್ತಿದ್ದರೆ ಅದು ಸೋತಿದೆ, ಆಗ ಎರಡೂ ಕಡೆಯದನ್ನು ಜೋಡಿಯಾಗಿಯೇ ಬದಲಿಸಬೇಕು. ಟೈರಿನ ಗಾಳಿಯನ್ನು ಬಂಕಿನಲ್ಲಿ ಅವರಿಗೆ ತೋಚಿದಷ್ಟು ತುಂಬಿಸಿಕೊಳ್ಳಬೇಡಿ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೊಂದು ಚೀಟಿ ಇರುತ್ತದೆ. ಖಾಲಿ ಗಾಡಿಗೆ ಎಷ್ಟು, ತುಂಬಿದ ಗಾಡಿಗೆ ಎಷ್ಟು ಎಂದು ಅದರಲ್ಲೇ ಬರೆದಿರುತ್ತದೆ. ಟೈರು ತಣ್ಣಗಿರುವಾಗ ಆ ಅಂಕಿಗೆ ಸರಿಯಾಗಿ ತುಂಬಿಸಿ. ಸಸ್ಪೆನ್ಷನ್ ಗಟ್ಟಿಯಾಗಿದೆ ಎಂದು ನನ್ನ ಬಳಿಗೆ ಬಂದ ಎಷ್ಟೋ ಗಾಡಿಗಳಿಗೆ ನಾನು ಬಿಡಿಸಿದ್ದು ನಾಲ್ಕು ಟೈರುಗಳ ಹೆಚ್ಚುವರಿ ಗಾಳಿಯನ್ನು ಮಾತ್ರ. ಈಗಿನ ಗಾಡಿಗಳಲ್ಲಿ ಇದು ಮೊದಲಿಗಿಂತ ಹೆಚ್ಚು ಲೆಕ್ಕಕ್ಕೆ ಬರುತ್ತದೆ. 185/65 ಆರ್15 ಟೈರಿನ ಪಕ್ಕದ ಗೋಡೆ 120 ಮಿಲಿಮೀಟರ್ ಎತ್ತರ. ಅದೇ 205/50 ಆರ್17 ಆದರೆ 102 ಮಿಲಿಮೀಟರ್. ಏಟನ್ನು ಮೊದಲು ತಾಳಿಕೊಳ್ಳುವುದು ಆ ರಬ್ಬರಿನ ಗೋಡೆ. ಅದು ತೆಳುವಾದಷ್ಟೂ ಏಟು ಸ್ಟ್ರಟ್‌ಗೆ, ಬುಶ್‌ಗೆ, ನಿಮ್ಮ ಬೆನ್ನಿಗೆ.

ರಬ್ಬರ್ ಬಫರ್ ಬೇಡ. ಅದನ್ನು ಸ್ಪ್ರಿಂಗಿನ ಸುರುಳಿಗಳ ನಡುವೆ ತುರುಕಿದರೆ ಗಾಡಿ ಸ್ವಲ್ಪ ಎದ್ದಂತೆ ಕಾಣುತ್ತದೆ, ನಿಜ. ಆ ಜಾಗದ ಸುರುಳಿ ಕೆಲಸ ನಿಲ್ಲಿಸುತ್ತದೆ, ಅದರ ಪಾಲಿನ ಕುಗ್ಗುವ ಕೆಲಸವನ್ನೂ ಉಳಿದ ಸುರುಳಿಗಳೇ ಮಾಡಬೇಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ವಾರಂಟಿಗೆ ಎರಡು ತಿಂಗಳು ಉಳಿದಿರುವಾಗ ಹೊರಗಿನ ವಸ್ತುವೊಂದನ್ನು ಸಸ್ಪೆನ್ಷನ್‌ಗೆ ಸೇರಿಸಿ, ದೂರನ್ನು ತಳ್ಳಿಹಾಕಲು ನೀವೇ ಕಾರಣ ಒದಗಿಸಬೇಡಿ.

ಎರಡು ತಿಂಗಳನ್ನು ಹೇಗೆ ಬಳಸಿಕೊಳ್ಳಬೇಕು ಎಂಬುದು ಈಗ ಮುಖ್ಯ. ಅಲೈನ್‌ಮೆಂಟ್ ಪ್ರತಿ ಕೈಗೆ ಬಂದ ಮೇಲೆ ಗಾಡಿಯನ್ನು ಸರ್ವಿಸ್ ಸೆಂಟರಿಗೆ ಒಯ್ಯಿರಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಜಾಬ್ ಕಾರ್ಡಿನಲ್ಲಿ ‘ಮುಂದಿನ ಸದ್ದು’ ಎಂಬ ಎರಡು ಪದ ಬರೆದುಕೊಂಡರೆ ಒಪ್ಪಬೇಡಿ. ಯಾವ ವೇಗ, ಯಾವ ಬಗೆಯ ರಸ್ತೆ, ನೇರವೋ ಓರೆಯೋ, ಕ್ಯಾಂಬರ್ ಎಷ್ಟು, ಈ ಮೊದಲು ಏನೇನು ಯಾವ ದಿನ ಬದಲಾಯಿತು, ಎಲ್ಲವೂ ಅದರಲ್ಲಿ ಬರಲಿ. ಫೋರ್‌ಮನ್ ನಿಮ್ಮ ಪಕ್ಕದಲ್ಲಿ ಕುಳಿತು ನೀವು ತೋರಿಸುವ ರಸ್ತೆಯಲ್ಲೇ ಓಡಿಸಿ ನೋಡಲಿ. ಬುಶ್ ಬದಲಿಸಿದರೆ ಕೊನೆಯ ಬಿಗಿಯನ್ನು ಗಾಡಿಯ ಭಾರದ ಮೇಲೆ ಕೊಟ್ಟಿರಾ ಎಂದು ಕೇಳಿ, ಸಾಧ್ಯವಾದರೆ ನಿಂತು ನೋಡಿ. ಈ ಪ್ರಶ್ನೆಗೆ ಒಳ್ಳೆಯ ಮೆಕ್ಯಾನಿಕ್ ಬೇಸರಿಸುವುದಿಲ್ಲ. ಗುಂಡಿಗೆ ಬಿದ್ದು ಬಾಗಿದ್ದು ವಾರಂಟಿಗೆ ಬರುವುದಿಲ್ಲ ಎಂದು ಅವರು ಹೇಳಬಹುದು, ಹಾಗೆ ಹೇಳುವ ಹಕ್ಕೂ ಅವರಿಗಿದೆ. ಹೊರಗಿನ ಏಟಿನಿಂದ ಆದದ್ದಕ್ಕೆ ಇರುವುದು ವಿಮೆ. ಆದರೆ ಬಾಗಿದೆ ಎಂದು ಅವರು ಬರೆದುಕೊಟ್ಟರೆ ಸ್ವಭಾವ ಎಂಬ ಮಾತು ಅಲ್ಲಿಗೇ ಬಿತ್ತು, ಈ ಹಿಂದೆ ಮೂರು ಸಲ ಅದನ್ನು ಕಾಣದೆ ಹೋದದ್ದು ಯಾಕೆ ಎಂಬ ಪ್ರಶ್ನೆ ಎದ್ದಿತು. ಬಾಗಿಲ್ಲ ಎಂದರೆ, ಏಟಿಲ್ಲದೆ ಕ್ಯಾಂಬರ್ ತಪ್ಪಿದ್ದು ಹೇಗೆ ಎಂದು ಅವರೇ ವಿವರಿಸಬೇಕು.

ಏನೂ ಆಗದಿದ್ದರೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಬರೆಯಿರಿ, ವಾರಂಟಿ ಮುಗಿಯುವ ದಿನಕ್ಕಿಂತ ಮುಂಚಿನ ತಾರೀಖಿನಲ್ಲಿ. ಬಳಿಕ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 50 ಲಕ್ಷ ರೂಪಾಯಿವರೆಗಿನ ಖರೀದಿಯ ದೂರುಗಳನ್ನು ಅದು ಕೇಳುತ್ತದೆ, ತೊಂದರೆ ಉಂಟಾದ ಎರಡು ವರ್ಷದೊಳಗೆ ಹೋಗಬೇಕು, ವಕೀಲರಿಲ್ಲದೆ ನೀವೇ ವಾದಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ದೋಷವನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳಿಸುವ ಅಧಿಕಾರವೂ ಆಯೋಗಕ್ಕಿದೆ. ಅಲ್ಲಿಯವರೆಗೆ ಹೋಗದೆಯೇ ಇದು ಮುಗಿಯುತ್ತದೆ ಎಂದು ನನ್ನ ನಂಬಿಕೆ. ಕೈಯಲ್ಲಿ ಅಳತೆಯ ಕಾಗದ ಇರುವವರ ಜೊತೆ ಮಾತಿನ ಧಾಟಿಯೇ ಬದಲಾಗುವುದನ್ನು ನಾನು ಕಂಡಿದ್ದೇನೆ.

ಕೊನೆಗೆ ಆ ಎಡ ಟೈರು. ಇಂದೇ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ, ಒಳ ಅಂಚನ್ನು ಟಾರ್ಚ್ ಹಿಡಿದು ನೋಡಿ, ಬೆರಳಾಡಿಸಬೇಡಿ. ತಂತಿ ಕಾಣುತ್ತಿದ್ದರೆ ಅಥವಾ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಗಾಡಿ ಹೊರಗೆ ತೆಗೆಯದೆ ಅಲ್ಲಿಯೇ ಸ್ಟೆಪ್ನಿ ಹಾಕಿಸಿ. ನಾಲ್ಕೂ ಕಡೆ ಫೋಟೋ ತೆಗೆದು, ಹಳೆಯ ಟೈರನ್ನು ಅಂಗಡಿಯವರಿಗೆ ಕೊಡದೆ ಮನೆಯಲ್ಲಿ ಇಟ್ಟುಕೊಳ್ಳಿ. ಸ್ಟ್ರಟ್ ವಿಷಯ ತೀರ್ಮಾನವಾಗುವವರೆಗೆ ಅದು ನಿಮಗೆ ಬೇಕಾಗುತ್ತದೆ.